ನಾಯಿಯನ್ನು ಒಪ್ಪಿಸಿ ಹೋಗುವ ಮುನ್ನ ರಸೀದಿ ಕೇಳಿ

ಬೆಳಗಿನ ರೈಲಿಗೆ ಮಂಡ್ಯ, ಮದ್ದೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು, ಮಳವಳ್ಳಿ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಡುವವರು, ಮನೆಮಂದಿಯೆಲ್ಲ ಮದುವೆಗೆಂದು ಬೀಗ ಹಾಕುವವರು – ಎಲ್ಲರದೂ ಒಂದೇ ಚಿಂತೆ: ನಾಯಿಯನ್ನು ಯಾರ ಹತ್ತಿರ ಬಿಡುವುದು? ಬೆಂಗಳೂರು, ಮೈಸೂರಿನಲ್ಲಾದರೆ ಡಾಗ್ ಡೇಕೇರ್‌ಗಳಿವೆ. ಹಳ್ಳಿ ಕಡೆ ತೋಟದ ಮನೆಯವರೊಬ್ಬರು ದಿನಕ್ಕಿಷ್ಟು ಎಂದು ಒಪ್ಪಿಕೊಂಡರೆ ಅದೇ ಡೇಕೇರ್. ಮಾತು ಬಾಯಲ್ಲಿ, ದುಡ್ಡು ಕೈಯಲ್ಲಿ. ನಾಯಿಗೆ ಏನಾದರೂ ಆದಾಗ ಹಿಡಿದುಕೊಳ್ಳಲು ಒಂದು ಚೀಟಿಯೂ ಇರುವುದಿಲ್ಲ.

ಡೇಕೇರ್‌ಗೆಂದೇ ಕೇಂದ್ರದ ಪ್ರತ್ಯೇಕ ಕಾಯ್ದೆ ಇಲ್ಲ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಪ್ರಾಣಿ ಮಾರುವವರಿಗೆ ಸಂಬಂಧಿಸಿದವು. ಆದರೆ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ‘ಮಾಲೀಕ’ ಎಂದರೆ ಸಾಕಿದವರಷ್ಟೇ ಅಲ್ಲ, ಸದ್ಯಕ್ಕೆ ಪ್ರಾಣಿ ಯಾರ ವಶದಲ್ಲಿದೆಯೋ ಅವರೂ ಹೌದು. ಅನ್ನ, ನೀರು, ನೆರಳು ಕೊಡದಿರುವುದು, ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು 11ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ! ಮದ್ದೂರು ವಡೆ ತಿಂದು ಕಾಫಿ ಕುಡಿದರೆ ಮುಗಿಯುವ ಹಣ. ಅದೂ ಘಟನೆ ನಡೆದ ಮೂರು ತಿಂಗಳೊಳಗೆ ಪ್ರಕರಣ ಹೂಡಬೇಕು. ಬೇಕೆಂದೇ ವಿಷ ಹಾಕಿದರೆ, ಕೊಂದರೆ, ಅಂಗಹೀನ ಮಾಡಿದರೆ ಮಾತ್ರ ಲೆಕ್ಕ ಬೇರೆ: ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲಾಗಬಹುದು. ಅದಕ್ಕೆ ಪೊಲೀಸರು ಎಫ್‌ಐಆರ್ ದಾಖಲಿಸಬೇಕು. ಠಾಣೆಯಲ್ಲಿ ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಿ.

ನಿಜವಾಗಿ ಕೈಹಿಡಿಯುವುದು 1872ರ ಕರಾರು ಕಾಯ್ದೆ. ಒಪ್ಪಿಸಿಕೊಂಡ ವಸ್ತುವನ್ನು, ಅದೇ ಪರಿಸ್ಥಿತಿಯಲ್ಲಿ ವಿವೇಕವಿರುವ ಸಾಮಾನ್ಯ ಮನುಷ್ಯ ತನ್ನದನ್ನು ಹೇಗೆ ಕಾಪಾಡಿಕೊಳ್ಳುತ್ತಾನೋ ಹಾಗೆ ಕಾಪಾಡಬೇಕು ಎನ್ನುತ್ತದೆ ಅದರ 151ನೇ ಕಲಮು. ಕಾನೂನಿನ ಕಣ್ಣಿಗೆ ನಾಯಿಯೂ ಸ್ವತ್ತೇ. ‘ಅದೇ ಪರಿಸ್ಥಿತಿ’ ಎಂಬ ಮಾತಿಗೆ ನಮ್ಮ ಮಂಡ್ಯ ಜಿಲ್ಲೆಯಲ್ಲಿ ತೂಕ ಹೆಚ್ಚು. ಕಬ್ಬಿನ ಗದ್ದೆಯಲ್ಲಿ ಚಿರತೆ ಅಡಗುವ ಸೀಮೆ ಇದು, ಅದಕ್ಕೆ ಸುಲಭದ ಬೇಟೆ ನಾಯಿ. ಇಲ್ಲಿ ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿ ಮಲಗಿದವನು ‘ಚಿರತೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು’ ಎಂದರೆ ಆ ಮಾತು ನಿಲ್ಲುವುದು ಕಷ್ಟ. ಆದ್ದರಿಂದ ಜಾಗ ನೋಡಲು ಹೋದಾಗ ಬಾಗಿಲಿರುವ ಕೊಟ್ಟಿಗೆ ಇದೆಯೇ, ಇಲಿಪಾಷಾಣ, ಔಷಧಿ ಡಬ್ಬ ಎಲ್ಲಿಟ್ಟಿದ್ದಾರೆ ಎಂದು ಕಣ್ಣಾರೆ ನೋಡಿ. ನಿಮ್ಮ ನಾಯಿಯ ಲಸಿಕೆ ಪುಸ್ತಕ ಕೇಳದವರು ಬೇರೆಯವರದ್ದನ್ನೂ ಕೇಳಿರುವುದಿಲ್ಲ. ಅಂಥ ಕಡೆ ಬಿಡಬೇಡಿ.

ನಿಮ್ಮ ಮೇಲೂ ಒಂದು ಹೊಣೆ ಇದೆ. ನಾಯಿಗೆ ಕಚ್ಚುವ ಚಾಳಿ ಇದ್ದರೆ ಮೊದಲೇ ಹೇಳಬೇಕು. ಅದೇ ಕಾಯ್ದೆಯ 150ನೇ ಕಲಮಿನ ಉದಾಹರಣೆಯೇ ತುಂಟ ಕುದುರೆಯದು: ಅದರ ಗುಣ ಮುಚ್ಚಿಟ್ಟು ಎರವಲು ಕೊಟ್ಟವನು, ಬಿದ್ದು ಪೆಟ್ಟಾದವನ ನಷ್ಟಕ್ಕೆ ಹೊಣೆಗಾರ.

ದುಡ್ಡು ಕೊಟ್ಟು ಬಿಟ್ಟಿದ್ದರೆ ನೀವು ಗ್ರಾಹಕರು. ಪಕ್ಕದ ಮನೆಯವರು ಪುಕ್ಕಟೆ ನೋಡಿಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸದು. ಬಿಲ್ಲು ಕೊಡದಿರುವುದೂ ಆ ಕಾಯ್ದೆಯಡಿ ಅನುಚಿತ ವ್ಯಾಪಾರ. ರಸೀದಿ ಪುಸ್ತಕ ಇಲ್ಲ ಎಂದರೆ ಯುಪಿಐನಲ್ಲಿ ಪಾವತಿಸಿ. ಬಿಟ್ಟ ದಿನ, ಕರೆದೊಯ್ಯುವ ದಿನ, ಊಟ, ಔಷಧ, ತುರ್ತಿಗೆ ಯಾವ ವೈದ್ಯರು ಎಂಬುದನ್ನೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬರೆದು ‘ಸರಿ’ ಎನಿಸಿಕೊಳ್ಳಿ. ಒಪ್ಪಿಸುವಾಗ ನಾಯಿಯ ಫೋಟೊ ತೆಗೆಯಿರಿ.

ದೂರನ್ನು ಎರಡು ವರ್ಷದೊಳಗೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಬೇಕು. ಡೇಕೇರ್ ಬೆಂಗಳೂರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಸಲಹೆಗೆ 1915ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಅದರ ಸಹಾಯವಾಣಿ 15100.

ನಾಯಿ ಸತ್ತರೆ ದುಃಖದಲ್ಲಿ ತಕ್ಷಣ ಹೂತುಬಿಡಬೇಡಿ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಿ, ವರದಿ ಕೈಗೆ ತೆಗೆದುಕೊಳ್ಳಿ.