ರೂವಾರಿಗಳ ರುಜುವೂ ಸಂಬಂಧವರ್ಗವೂ

ಬೇಲೂರು, ಹಳೇಬೀಡುಗಳನ್ನು ನೋಡಿಬಂದವರಿಗೆ ವಿಷ್ಣುವರ್ಧನನ ಹೆಸರು ನೆನಪಿರುತ್ತದೆ. ಕಲ್ಲು ಕೆತ್ತಿದವರ ಹೆಸರು ನೆನಪಿರುವುದಿಲ್ಲ. ಹೊಯ್ಸಳರ ರೂವಾರಿಗಳಾದರೋ ತಮ್ಮ ಹೆಸರನ್ನು ಶಿಲ್ಪಗಳ ಮೇಲೆಯೇ ಬರೆದಿಟ್ಟು ಹೋಗಿದ್ದಾರೆ. 1117ರ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ಬಳ್ಳಿಗಾವೆಯ ದಾಸೋಜನ ರುಜುವೂ ಅವನ ಮಗ ಚಾವಣನ ರುಜುವೂ ಇವೆ. ಇಂಥವನ್ನೆಲ್ಲ ಗಣಕಯಂತ್ರದಲ್ಲಿ ಸಂಗ್ರಹಿಸಬೇಕಾದರೆ ಮೊದಲು ಅವುಗಳ ನಕ್ಷೆಯನ್ನು ಬರೆಯಬೇಕಷ್ಟೆ. ಆ ನಕ್ಷೆಯಲ್ಲಿ ರುಜುವಿನ ಸ್ಥಾನ ಯಾವುದು?

‘ರೂವಾರಿ’ ಎಂದೊಂದು ಚೌಕ, ‘ದೇವಾಲಯ’ ಎಂದೊಂದು ಚೌಕ, ನಡುವೆ ಒಂದು ಗೆರೆ ಎಳೆಯೋಣ. ಒಬ್ಬ ರೂವಾರಿ ಹಲವು ದೇವಾಲಯಗಳಲ್ಲಿ ದುಡಿದಿರಬಹುದು; ಒಂದು ದೇವಾಲಯದಲ್ಲಿ ಹಲವರು ದುಡಿದಿರುತ್ತಾರೆ. 1246ರ ನುಗ್ಗೇಹಳ್ಳಿ ದೇವಾಲಯವನ್ನೇ ನೋಡಿ. ಅಲ್ಲಿ ದಕ್ಷಿಣದ ಗೋಡೆಯ ವಿಗ್ರಹಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ‘ಉತ್ತರದ ಗೋಡೆ’ ಎಂಬುದು ಮಲ್ಲಿತಮ್ಮನ ಗುಣವೇ? ಅಲ್ಲ; ಸೋಮನಾಥಪುರದಲ್ಲಿಯೂ ಅವನು ಕೆತ್ತಿದ್ದಾನೆ. ದೇವಾಲಯದ ಗುಣವೇ? ಅದೂ ಅಲ್ಲ, ಹಾಗೆಂದರೆ ಬೈಚೋಜನ ಗತಿಯೇನು? ಅದು ಅವರಿಬ್ಬರ ಸಂಬಂಧಕ್ಕೆ ಸೇರಿದ ಗುಣ. ಸಂಬಂಧಕ್ಕೂ ಗುಣಗಳಿರಬಹುದೆಂದು ಪೀಟರ್ ಚೆನ್ ಎಂಬ ವಿದ್ವಾಂಸರು 1976ರ ತಮ್ಮ ಪ್ರಬಂಧದಲ್ಲಿಯೇ ತೋರಿಸಿದ್ದರು. ಯು.ಎಂ.ಎಲ್. ನಕ್ಷೆಗಳಲ್ಲಿ ನಡುವಿನ ಗೆರೆಯಿಂದ ಚುಕ್ಕೆಗೆರೆಯೊಂದನ್ನು ಇಳಿಬಿಟ್ಟು, ಅದರ ತುದಿಗೆ ಮೂರನೆಯ ಚೌಕವನ್ನು ಬರೆಯುತ್ತಾರೆ. ಇದಕ್ಕೆ ಅಸೋಸಿಯೇಷನ್ ಕ್ಲಾಸ್ ಎಂದು ಹೆಸರು. ಸಂಬಂಧವರ್ಗವೆಂದರೆ ನಮ್ಮ ಕಿವಿಗೆ ಹಿತ.

ಇಲ್ಲೊಂದು ತೊಡಕುಂಟು, ಪಠ್ಯಪುಸ್ತಕಗಳು ಇದನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ಸಾಮಾನ್ಯ ನಿಯಮದಂತೆ ಒಬ್ಬ ರೂವಾರಿಗೂ ಒಂದು ದೇವಾಲಯಕ್ಕೂ ನಡುವೆ ಒಂದೇ ಒಂದು ಸಂಬಂಧ ದಾಖಲಾಗತಕ್ಕದ್ದು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ರುಜುಗಳು ನಲವತ್ತರಷ್ಟಿವೆ. ಅಷ್ಟನ್ನೂ ಒಂದೇ ಚೌಕದಲ್ಲಿ ತುರುಕಿದರೆ ಯಾವ ರುಜು ಯಾವ ವಿಗ್ರಹದ್ದೆಂಬುದು ಅಳಿಸಿಹೋಗುತ್ತದೆ. ಆದುದರಿಂದ ‘ವಿಗ್ರಹ’ಕ್ಕೇ ಒಂದು ಚೌಕ ಕೊಟ್ಟು, ಅದನ್ನು ದೇವಾಲಯಕ್ಕೆ ಜೋಡಿಸಿ, ‘ರುಜು’ ಎಂಬ ಸಂಬಂಧವರ್ಗವನ್ನು ರೂವಾರಿಗೂ ವಿಗ್ರಹಕ್ಕೂ ನಡುವೆ ಇಡಬೇಕು. ಅಕ್ಷರಗಳ ಪಾಠ, ಬಿರುದು, ಊರು ಎಲ್ಲಕ್ಕೂ ಆಗ ಅಲ್ಲಿ ಜಾಗ ಸಿಕ್ಕೀತು. ರುಜುವಿನಲ್ಲಿರುವ ಹೆಸರನ್ನು ಇದ್ದಂತೆ ರುಜುವಿನ ಚೌಕದಲ್ಲೇ ಬರೆಯುವುದು ಮೇಲು. 1196ರ ಅಮೃತಾಪುರದ ಕೆಲಸವೂ ಮಲ್ಲಿತಮ್ಮನದೆಂದು ಹೇಳುತ್ತಾರೆ, ಸೋಮನಾಥಪುರದ್ದು 1268. ನಡುವೆ ಎಪ್ಪತ್ತೆರಡು ವರ್ಷಗಳು! ಒಬ್ಬನೋ, ಒಂದೇ ಹೆಸರಿನ ಇಬ್ಬರೋ ಎಂದು ಇತಿಹಾಸಕಾರರು ಚರ್ಚಿಸಲಿ; ನಕ್ಷೆ ಅದನ್ನು ಮೊದಲೇ ತೀರ್ಮಾನಿಸಿಬಿಡಬಾರದು.

ಗೆರೆಯ ತುದಿಯಲ್ಲಿ ಬರೆಯುವ ಸಂಖ್ಯೆಯೂ ಸಣ್ಣ ವಿಷಯವಲ್ಲ. ರುಜುವಿಲ್ಲದ ವಿಗ್ರಹಗಳು ಎಷ್ಟೋ ಇವೆ. ರೂವಾರಿಯ ಕಡೆ ‘ಕನಿಷ್ಠ ಒಂದು’ ಎಂದು ಬರೆದೆವೋ, ಪಟ್ಟಿ ತುಂಬುವ ಗುಮಾಸ್ತನು ಯಾವುದಾದರೊಂದು ಹೆಸರನ್ನು ಹಾಕಲೇಬೇಕಾಗುತ್ತದೆ. ಆಗ ಅವನ ಬಾಯಿಗೆ ಮೊದಲು ಬರುವುದು ಜಕಣಾಚಾರಿಯ ಹೆಸರೇ. ಬೇಲೂರಿನ ರುಜುಗಳಲ್ಲಿ ಆ ಹೆಸರಿಲ್ಲ. ದಾಸೋಜ, ಚಾವಣರ ಹೆಸರುಗಳಿವೆ. ಆ ಜಾಗದಲ್ಲಿ ಸೊನ್ನೆಗೆ ಅವಕಾಶವಿರಲೇಬೇಕು.