ಕರುವಿಗೆ ವಂಶದಿಂದ ಬರುವ ರೋಗ: ಬ್ಲ್ಯಾಡ್

ಎಚ್.ಎಫ್. ತಳಿಯ ಕರುವಿಗೆ ಭೇದಿ, ನ್ಯುಮೋನಿಯಾ, ಬಾಯಿಹುಣ್ಣು ಮತ್ತೆ ಮತ್ತೆ ಬಂದರೆ ಹೆಚ್ಚಾಗಿ ಗಿಣ್ಣುಹಾಲಿನ ಕೊರತೆ, ಕೊಟ್ಟಿಗೆಯ ಕೊಳಕೇ ಕಾರಣ. ಆದರೆ ಅಪರೂಪಕ್ಕೆ 'ಬ್ಲ್ಯಾಡ್' ಎಂಬ ವಂಶಪಾರಂಪರ್ಯ ರೋಗವೂ ಇರಬಹುದು. ಇದರಲ್ಲಿ ಬಿಳಿ ರಕ್ತಕಣಗಳು ರಕ್ತದಲ್ಲಿ ತುಂಬಿದ್ದರೂ ಸೋಂಕಿನ ಜಾಗಕ್ಕೆ ತಲುಪಲಾರವು. ಕರು ಸಾಮಾನ್ಯವಾಗಿ ವರ್ಷ ತುಂಬುವ ಮೊದಲೇ ಸಾಯುತ್ತದೆ.

ಅಮೆರಿಕದ 'ಆಸ್ಬೋರ್ನ್‌ಡೇಲ್ ಐವನ್‌ಹೋ' ಎಂಬ ಹೆಸರಾಂತ ಹೋರಿಯ ಸಂತತಿಯ ವೀರ್ಯದ ಮೂಲಕ ಇದು ದೇಶದೇಶಕ್ಕೆ ಹರಡಿತು. ದೋಷದ ವಂಶವಾಹಿ ಪತ್ತೆಯಾದದ್ದು 1992ರಲ್ಲಿ. ದೋಷ ಹೊತ್ತ ಹೋರಿ, ಹಸು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತವೆ. ಅಂಥ ಎರಡು ಕೂಡಿದಾಗ ನಾಲ್ಕರಲ್ಲಿ ಒಂದು ಕರುವಿಗೆ ರೋಗ ಬರುವ ಸಂಭವ.

ವೀರ್ಯ ಕೇಂದ್ರದ ಹೋರಿಗಳಿಗೆ ಇದರ ಪರೀಕ್ಷೆ ಉಂಟು; ಊರ ಹೋರಿಗೆ ಯಾರು ಮಾಡಿಸುತ್ತಾರೆ? ಕೃತಕ ಗರ್ಭಧಾರಣೆಯನ್ನೇ ಮಾಡಿಸಿ, ವೀರ್ಯ ನಳಿಕೆಯ ಮೇಲಿನ ಹೋರಿ ಸಂಖ್ಯೆ ಬರೆದಿಡಿ. ಅದೇ ಹೋರಿಯ ವೀರ್ಯವನ್ನು ಅದರ ಮಗಳಿಗೆ ಕೊಡಿಸಬೇಡಿ.