ಸಾವಿರ ಷೇರು ನಾನೂರ ಎರಡಾದಾಗ

ಎರಡು ಕಂಪನಿಗಳು ಒಂದಾಗಲಿವೆ ಎಂಬ ಸುದ್ದಿ ಟಿವಿಯಲ್ಲಿ ಬಂದ ಕೂಡಲೇ ನೆಂಟರಿಷ್ಟರ ಫೋನು ಶುರುವಾಗುತ್ತದೆ. ಒಳ್ಳೆಯದೋ ಕೆಟ್ಟದ್ದೋ, ಇಟ್ಟುಕೊಳ್ಳಲೋ ಮಾರಲೋ ಎಂಬುದೇ ಎಲ್ಲರ ಪ್ರಶ್ನೆ. ಉತ್ತರ ಹೇಳುವ ಮೊದಲು ನಾನು ಕೇಳುವುದು ಬೇರೆ. ನಿಮ್ಮ ಷೇರಿಗೆ ಪ್ರತಿಯಾಗಿ ಏನು ಕೊಡುತ್ತಾರೆ? ಅದನ್ನು ಗೊತ್ತುಮಾಡಿದವರು ಯಾರು? ಬೇಡ ಎನ್ನಲು ನಿಮಗೆ ದಾರಿ ಇದೆಯೇ? ಆ ದಿನ ದರ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಆಮೇಲೆ ನೋಡಿದರಾಯಿತು.

ಇದನ್ನು ನನಗೆ ಮನದಟ್ಟು ಮಾಡಿದ್ದು ವಿಜಯಾ ಬ್ಯಾಂಕಿನ ವಿಲೀನ. 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು ಅದು. 2017-18ರಲ್ಲಿ ಸರ್ಕಾರಿ ಬ್ಯಾಂಕುಗಳೆಲ್ಲ ಕೆಟ್ಟ ಸಾಲದಲ್ಲಿ ಮುಳುಗಿದ್ದಾಗ ಲಾಭ ತೋರಿಸಿದ್ದು ಎರಡೇ: ಇಂಡಿಯನ್ ಬ್ಯಾಂಕ್ ಮತ್ತು ವಿಜಯಾ ಬ್ಯಾಂಕ್. 2018ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಅದನ್ನು ದೇನಾ ಬ್ಯಾಂಕಿನ ಜೊತೆ ಸೇರಿಸಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಳಿಸುವ ಪ್ರಸ್ತಾವ ಮುಂದಿಟ್ಟಿತು. ಮರುದಿನದ ಪೇಟೆ ನೋಡಿ. ಬರೋಡಾ ಶೇ. 16ರಷ್ಟು ಕುಸಿಯಿತು. ವಿಜಯಾ ಶೇ. 5ಕ್ಕಿಂತ ಹೆಚ್ಚು ಇಳಿಯಿತು. ದೇನಾ ಮಾತ್ರ ಶೇ. 20ರ ಹತ್ತಿರ ಜಿಗಿಯಿತು. ಮೂರರಲ್ಲಿ ಅತ್ಯಂತ ಬಡಕಲಾಗಿದ್ದದ್ದು ದೇನಾ. ಹೊಸ ಸಾಲ ಕೊಡಬೇಡಿ ಎಂದು ರಿಸರ್ವ್ ಬ್ಯಾಂಕ್ ಅದರ ಕೈಕಟ್ಟಿತ್ತು. ಅದಕ್ಕೆ ಆಸರೆ ಸಿಕ್ಕಿತು ಎಂದು ಪೇಟೆ ಓದಿಕೊಂಡಿತು, ಆ ಭಾರ ಹೊರುವವರು ಬರೋಡಾದ ಷೇರುದಾರರು ಎಂದೂ ಅದೇ ಕ್ಷಣ ಲೆಕ್ಕ ಹಾಕಿತು. ಕೊಳ್ಳುವವನ ಷೇರು ಇಳಿಯುವುದು, ಮಾರಾಟವಾಗುವವನದು ಏರುವುದು ಸಾಮಾನ್ಯ ಚಿತ್ರ. 2007ರ ಜನವರಿ ಕೊನೆಗೆ ಟಾಟಾ ಸ್ಟೀಲ್ ಷೇರಿಗೆ 608 ಪೆನ್ಸ್‌ನಂತೆ ಬ್ರಿಟನ್ನಿನ ಕೋರಸ್ ಕಂಪನಿಯನ್ನು ಗೆದ್ದ ದಿನ ಟಾಟಾ ಸ್ಟೀಲ್ ಷೇರು ಶೇ. 10ರಷ್ಟು ಬಿದ್ದಿತ್ತು. ದೇಶವೆಲ್ಲ ಹೆಮ್ಮೆಪಟ್ಟ ದಿನ ಅದು. ಆದರೆ ಷೇರುದಾರನ ಕಣ್ಣು ಆ ಹಣಕ್ಕಾಗಿ ಮಾಡುವ ಸಾಲದ ಮೇಲಿತ್ತು.

ವಿಜಯಾ ಬ್ಯಾಂಕಿನ ಕಥೆಯಲ್ಲಿ ಸೆಪ್ಟೆಂಬರ್‌ಗಿಂತ ದೊಡ್ಡ ದಿನ ಬಂದದ್ದು 2019ರ ಜನವರಿ 2ರಂದು. ವಿನಿಮಯ ಅನುಪಾತ ಪ್ರಕಟವಾಯಿತು: ಸಾವಿರ ವಿಜಯಾ ಷೇರಿಗೆ ಬರೋಡಾದ 402, ಸಾವಿರ ದೇನಾ ಷೇರಿಗೆ 110. ಅಂದು ಬರೋಡಾದ ದರ ಸುಮಾರು 119 ರೂಪಾಯಿ, ವಿಜಯಾದ್ದು 51ರ ಆಸುಪಾಸು, ದೇನಾದ್ದು 18ರ ಆಸುಪಾಸು. ಒಂದು ಹಾಳೆ ತೆಗೆದುಕೊಂಡು ಗುಣಿಸಿ. 402ನ್ನು 119ರಿಂದ ಗುಣಿಸಿದರೆ 47,838. ಪೇಟೆಯಲ್ಲಿ ಸುಮಾರು 51,000 ರೂಪಾಯಿ ಬಾಳುತ್ತಿದ್ದ ಸಾವಿರ ಷೇರಿಗೆ ಸಿಗುವುದು ಇಷ್ಟು. ದೇನಾದ್ದು ಇನ್ನೂ ಕಷ್ಟ: 110 ಗುಣಿಲೆ 119 ಅಂದರೆ 13,090, ಪೇಟೆಯ ಬೆಲೆ 18,000. ಮರುದಿನ ದೇನಾ ಹೆಚ್ಚುಕಡಿಮೆ ಶೇ. 20 ಕುಸಿಯಿತು, ವಿಜಯಾ ಶೇ. 7ರಷ್ಟು ಇಳಿಯಿತು. ಸೆಪ್ಟೆಂಬರ್‌ನಲ್ಲಿ ದೇನಾ ಷೇರು ಜಿಗಿದದ್ದನ್ನು ನೋಡಿ ಕೊಂಡವರು ಅನುಪಾತ ಎಷ್ಟಿರಬಹುದು ಎಂಬ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ಅನುಪಾತ ಪ್ರಕಟವಾದ ಮೇಲೆ ಸಣ್ಣ ಷೇರಿಗೆ ಸ್ವಂತ ದರ ಎಂಬುದು ಇರುವುದಿಲ್ಲ. ದೊಡ್ಡ ಷೇರು ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ.

2019ರ ಏಪ್ರಿಲ್ 1ಕ್ಕೆ ವಿಲೀನ ಜಾರಿಗೆ ಬಂತು. ಪುತ್ತೂರಿನ ಕಡೆಯ ನಮ್ಮ ಸೋದರತ್ತೆ, ಶಾಲೆಯ ನಿವೃತ್ತ ಟೀಚರು, ಡಿಮ್ಯಾಟ್ ಪಟ್ಟಿ ನೋಡಿ ಫೋನು ಮಾಡಿದರು. “ಏನು ಮಾರಾಯ ಇದು? ನನ್ನದು ಸಾವಿರ ಇತ್ತಲ್ಲ, ಈಗ ನಾನೂರ ಎರಡು ತೋರಿಸ್ತದೆ. ಉಳಿದದ್ದು ಎಲ್ಲಿಗೆ ಹೋಯ್ತು?”

“ಎಲ್ಲಿಗೂ ಹೋಗಲಿಲ್ಲ ಅತ್ತೆ. ಸಣ್ಣ ನೋಟು ಕೊಟ್ಟು ದೊಡ್ಡ ನೋಟು ತಗೊಂಡ ಹಾಗೆ.”

“ದೊಡ್ಡ ನೋಟು ಸರಿ. ನನ್ನನ್ನು ಯಾರಾದ್ರೂ ಒಂದು ಮಾತು ಕೇಳಿದ್ರಾ?”

ಆ ಪ್ರಶ್ನೆಗೆ ನನ್ನ ಬಳಿ ಸಮಾಧಾನದ ಮಾತು ಇರಲಿಲ್ಲ. ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ, ನಾನು ಈಗಲೂ ಅದರ ಪರವಾಗಿಯೇ ಇದ್ದೇನೆ. ರಾಷ್ಟ್ರೀಕೃತ ಬ್ಯಾಂಕುಗಳ ವಿಲೀನ ನಡೆಯುವುದು ಸರ್ಕಾರ ಹೊರಡಿಸುವ ಯೋಜನೆಯ ಮೂಲಕ. ಅನುಪಾತದ ಬಗ್ಗೆ ಸಣ್ಣ ಷೇರುದಾರರು ಆಕ್ಷೇಪ ಸಲ್ಲಿಸಲು ಅವಕಾಶವಿತ್ತು, ಮತ ಹಾಕಲು ಇರಲಿಲ್ಲ. ಮರುವರ್ಷ 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕಿನ ಸಾವಿರ ಷೇರು ಕೆನರಾದ 158 ಆದಾಗ, ಕಾರ್ಪೊರೇಷನ್ ಬ್ಯಾಂಕಿನ ಸಾವಿರ ಷೇರು ಯೂನಿಯನ್ ಬ್ಯಾಂಕಿನ 330 ಆದಾಗಲೂ ಇದೇ ಕ್ರಮ. ಸಾರ್ವಜನಿಕರಿಗೆ ಷೇರು ಮಾರಿ ಹಣ ಪಡೆದ ಮೇಲೆ ಅವರ ಷೇರಿನ ಬೆಲೆ ಗೊತ್ತುಮಾಡುವಾಗ ಅವರ ಮತ ಕೇಳದಿರುವುದು ನನಗೆ ಯಾವತ್ತೂ ನ್ಯಾಯ ಅನ್ನಿಸಿಲ್ಲ. ವಿಲೀನದಿಂದ ಬ್ಯಾಂಕುಗಳು ಗಟ್ಟಿಯಾದವು ಎಂಬ ವಾದ ನಿಜವಿರಬಹುದು. ಆದರೂ ಬೆಲೆಯ ಪ್ರಶ್ನೆ ಬೇರೆಯೇ.

ಖಾಸಗಿ ಕಂಪನಿಗಳಲ್ಲಿ ಈ ಹಕ್ಕು ಇದೆ. ಕಂಪನಿ ಕಾಯ್ದೆಯಡಿ ಮತ ಹಾಕಿದವರಲ್ಲಿ ಮೌಲ್ಯದ ಲೆಕ್ಕದಲ್ಲಿ ಮುಕ್ಕಾಲು ಪಾಲು ಒಪ್ಪಬೇಕು, ಆಮೇಲೆ ಕಂಪನಿ ಕಾನೂನು ನ್ಯಾಯಮಂಡಳಿಯ ಮುದ್ರೆ ಬೀಳಬೇಕು. ಖಾಸಗಿ ಬ್ಯಾಂಕುಗಳಲ್ಲಿ ಮೂರನೇ ಎರಡರಷ್ಟು ಮತ, ಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ. ಅಲ್ಲಿ ಒಪ್ಪದ ಷೇರುದಾರ ವಿರುದ್ಧ ಮತ ಹಾಕಿದ್ದರೆ ಅಥವಾ ತನ್ನ ವಿರೋಧವನ್ನು ಮುಂಚೆಯೇ ಲಿಖಿತವಾಗಿ ತಿಳಿಸಿದ್ದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಬೆಲೆ ಪಡೆದು ಹೊರಬರಲೂಬಹುದು. ಮತಕ್ಕೆ ಕರೆಯುವ ನೋಟಿಸು ಇಮೇಲಿನಲ್ಲಿ ಬರುತ್ತದೆ, ನೂರಾರು ಪುಟ. ನಾನು ಅದರಲ್ಲಿ ಮೊದಲು ತೆರೆಯುವುದು ಮೌಲ್ಯಮಾಪಕರ ವರದಿಯನ್ನು. ಯಾವ ದಿನಾಂಕದ ದರ ಹಿಡಿದಿದ್ದಾರೆ, ಆಸ್ತಿಯ ಲೆಕ್ಕಕ್ಕೆ ಎಷ್ಟು ತೂಕ ಕೊಟ್ಟಿದ್ದಾರೆ, ಪೇಟೆ ದರಕ್ಕೆ ಎಷ್ಟು ಎಂಬುದು ಅಲ್ಲಿ ಕೋಷ್ಟಕದಲ್ಲೇ ಇರುತ್ತದೆ. 2024ರಲ್ಲಿ ಐಸಿಐಸಿಐ ಸೆಕ್ಯುರಿಟೀಸ್‌ನ ನೂರು ಷೇರಿಗೆ ಐಸಿಐಸಿಐ ಬ್ಯಾಂಕಿನ 67 ಷೇರು ಎಂಬ ಯೋಜನೆ ಮತಕ್ಕೆ ಬಂದಾಗ ಬಿಡಿ ಹೂಡಿಕೆದಾರರ ಮತಗಳಲ್ಲಿ ಬಹುಪಾಲು ವಿರುದ್ಧ ಬಿದ್ದವು. ದೊಡ್ಡ ಸಂಸ್ಥೆಗಳ ಬಲದಿಂದ ಯೋಜನೆ ಗೆದ್ದಿತು. ಸೋತರೂ ಆ ಮತಗಳ ಎಣಿಕೆ ದಾಖಲೆಯಲ್ಲಿ ಉಳಿದಿದೆ.

ಸ್ವಾಧೀನದ ಕ್ರಮ ಬೇರೆ. ಲಿಸ್ಟ್ ಆದ ಕಂಪನಿಯಲ್ಲಿ ಯಾರಾದರೂ ಶೇ. 25 ಅಥವಾ ಅದಕ್ಕಿಂತ ಹೆಚ್ಚು ಪಾಲು ಹಿಡಿಯಲು ಹೊರಟರೆ ಉಳಿದ ಷೇರುದಾರರಿಂದ ಕನಿಷ್ಠ ಶೇ. 26 ಪಾಲು ಕೊಳ್ಳಲು ಓಪನ್ ಆಫರ್ ಕೊಡಲೇಬೇಕು ಎನ್ನುತ್ತದೆ ಸೆಬಿಯ 2011ರ ನಿಯಮ. ಪ್ರವರ್ತಕನಿಗೆ ಸಿಕ್ಕ ಬೆಲೆಗಿಂತ ಕಡಿಮೆಗೆ ಸಣ್ಣವರನ್ನು ಕೇಳುವಂತಿಲ್ಲ. ಬೆಂಗಳೂರಿನ ಮೈಂಡ್‌ಟ್ರೀ ಇದಕ್ಕೆ ಒಳ್ಳೆಯ ಉದಾಹರಣೆ. 2019ರ ಮಾರ್ಚ್‌ನಲ್ಲಿ ಎಲ್ ಅಂಡ್ ಟಿ ಕಂಪನಿ ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ಅವರ ಶೇ. 20.32 ಪಾಲನ್ನು ಷೇರಿಗೆ 980 ರೂಪಾಯಿಯಂತೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅದೇ 980ಕ್ಕೆ ಓಪನ್ ಆಫರ್ ಪ್ರಕಟಿಸಿತು. ಸ್ಥಾಪಕರು ಬಲವಾಗಿ ವಿರೋಧಿಸಿದರು, ಆದರೆ ಜೂನ್ ಮುಗಿಯುವಾಗ ಎಲ್ ಅಂಡ್ ಟಿ ಕೈಯಲ್ಲಿ ಶೇ. 60ರಷ್ಟಿತ್ತು. ಜುಲೈನಲ್ಲಿ ಸ್ಥಾಪಕರು ಹೊರನಡೆದರು, ಷೇರು 700ರ ಹತ್ತಿರಕ್ಕೆ ಇಳಿಯಿತು. 980ಕ್ಕೆ ಕೊಟ್ಟವರು ಜಾಣರು ಎಂದು ಆಗ ಎಲ್ಲರೂ ಹೇಳಿದರು. 2021ರಲ್ಲಿ ಅದೇ ಷೇರು 4,000 ದಾಟಿತು. 2022ರ ನವೆಂಬರ್‌ನಲ್ಲಿ ನೂರು ಮೈಂಡ್‌ಟ್ರೀ ಷೇರಿಗೆ ಎಲ್ ಅಂಡ್ ಟಿಯದೇ ಇನ್ನೊಂದು ಕಂಪನಿಯಾದ ಎಲ್‌ಟಿಐನ 73 ಷೇರಿನಂತೆ ಎರಡೂ ಸೇರಿ ಎಲ್‌ಟಿಐಮೈಂಡ್‌ಟ್ರೀ ಆಯಿತು.

ಹಾಗೆಂದು ಆಫರ್‌ಗೆ ಕೊಟ್ಟವರು ತಪ್ಪು ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರಿಗೆ ಒಂದು ಬಾಗಿಲು ತೆರೆದಿತ್ತು, ದರ ಬರೆದಿಟ್ಟಿತ್ತು. ಕಂಪನಿಯನ್ನು ನಡೆಸುವ ಹೊಸಬರ ಮೇಲೆ ನಂಬಿಕೆ ಇಲ್ಲದವರು ಹೊರಗೆ ಹೋದರು. ಯುನೈಟೆಡ್ ಸ್ಪಿರಿಟ್ಸ್‌ನಲ್ಲಿ ಇದರ ತದ್ವಿರುದ್ಧ ನಡೆದಿತ್ತು. 2012ರ ನವೆಂಬರ್‌ನಲ್ಲಿ ಅದನ್ನು ಕೊಳ್ಳಲು ಹೊರಟ ಡಿಯಾಜಿಯೊ ಕಂಪನಿ ಷೇರಿಗೆ 1,440 ರೂಪಾಯಿಯ ದರ ಹೇಳಿತು; ಪೇಟೆ ಅದನ್ನು ದಾಟಿ ಎಷ್ಟೋ ಮೇಲೆ ಹೋಗಿದ್ದರಿಂದ ಆಫರ್‌ಗೆ ಷೇರು ಕೊಟ್ಟವರು ಇಲ್ಲವೆಂಬಷ್ಟು ಕಡಿಮೆ. 2014ರಲ್ಲಿ ಮತ್ತೆ ಬಂದ ಡಿಯಾಜಿಯೊ 3,030 ಕೊಡಬೇಕಾಯಿತು.

ಘೋಷಣೆಗೂ ಮುಕ್ತಾಯಕ್ಕೂ ನಡುವಿನ ಕಾಲವೇ ಸಣ್ಣ ಹೂಡಿಕೆದಾರನಿಗೆ ಅಪಾಯದ್ದು. 2022ರ ಏಪ್ರಿಲ್ 4ರಂದು ಎಚ್‌ಡಿಎಫ್‌ಸಿ ಮತ್ತು ಎಚ್‌ಡಿಎಫ್‌ಸಿ ಬ್ಯಾಂಕ್ ವಿಲೀನದ ಸುದ್ದಿಗೆ ಎರಡೂ ಷೇರು ಶೇ. 10ರ ಹತ್ತಿರ ಏರಿದವು. ಎರಡು ವಾರ ಕಳೆಯುವಷ್ಟರಲ್ಲಿ ಆ ಏರಿಕೆಯೆಲ್ಲ ಕರಗಿತ್ತು. ಎಚ್‌ಡಿಎಫ್‌ಸಿಯ 25 ಷೇರಿಗೆ ಬ್ಯಾಂಕಿನ 42ರಂತೆ ವಿಲೀನ ಮುಗಿದದ್ದು 2023ರ ಜುಲೈ 1ಕ್ಕೆ. ಇಲ್ಲಿ ಕಾದವರಿಗೆ ಷೇರಾದರೂ ಸಿಕ್ಕಿತು. ಝೀ ಮತ್ತು ಸೋನಿ ಒಂದಾಗುವ ಸುದ್ದಿಗೆ 2021ರ ಸೆಪ್ಟೆಂಬರ್‌ನಲ್ಲಿ ಝೀ ಷೇರು ಒಂದೇ ದಿನ ಶೇ. 30ರಷ್ಟು ಹಾರಿತ್ತು. 2024ರ ಜನವರಿ 22ರಂದು ಸೋನಿ ಒಪ್ಪಂದ ಮುರಿಯಿತು, ಮರುದಿನ ಅದೇ ಷೇರು ಶೇ. 30ರಷ್ಟು ಬಿದ್ದಿತು. ಇನ್ನು ಲಕ್ಷ್ಮೀ ವಿಲಾಸ್ ಬ್ಯಾಂಕನ್ನು 2020ರ ನವೆಂಬರ್‌ನಲ್ಲಿ ಡಿಬಿಎಸ್ ಜೊತೆ ಸೇರಿಸಿದಾಗ ಠೇವಣಿದಾರರ ಹಣ ಉಳಿಯಿತು, ಷೇರು ಬಂಡವಾಳ ಪೂರ್ತಿ ರದ್ದಾಯಿತು. ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ. ಮುಳುಗುತ್ತಿರುವ ಬ್ಯಾಂಕನ್ನು ದೊಡ್ಡ ಬ್ಯಾಂಕು ಕೊಳ್ಳುತ್ತದಂತೆ ಎಂದು ಕೇಳಿ ಅದರ ಷೇರು ಹಿಡಿಯಲು ಹೊರಟವರಿಗೆ ನಾನು ಈ ಒಂದು ಹೆಸರನ್ನು ಹೇಳಿ ತಡೆಯುತ್ತೇನೆ.

ನನ್ನ ಸ್ವಂತ ಕಡತದಲ್ಲಿ ಇರುವುದು ನಮ್ಮಪ್ಪನಿಂದ ಬಂದ ಐಎನ್‌ಜಿ ವೈಶ್ಯ ಬ್ಯಾಂಕಿನ 200 ಷೇರುಗಳ ಲೆಕ್ಕ. 1930ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬ್ಯಾಂಕನ್ನು ಕೋಟಕ್ ಮಹೀಂದ್ರ ತನ್ನೊಳಗೆ ಸೇರಿಸಿಕೊಂಡದ್ದು 2015ರ ಏಪ್ರಿಲ್ 1ಕ್ಕೆ, ಸಾವಿರಕ್ಕೆ 725ರಂತೆ. ನಮ್ಮ 200 ಷೇರು 145 ಆಯಿತು. ಅದೇ ಜುಲೈನಲ್ಲಿ ಕೋಟಕ್ ಒಂದಕ್ಕೊಂದು ಬೋನಸ್ ಕೊಟ್ಟು 290 ಆಯಿತು. ಅದರಲ್ಲಿ ಕೆಲವನ್ನು ಮಾರುವಾಗ ತೆರಿಗೆ ಲೆಕ್ಕಕ್ಕೆ ಕೂತೆ. ವಿಲೀನದಲ್ಲಿ ಷೇರಿಗೆ ಷೇರು ಸಿಕ್ಕರೆ ಆಗ ತೆರಿಗೆ ಇಲ್ಲ. ಹಳೆಯ ಷೇರನ್ನು ಕೊಂಡ ಬೆಲೆಯೇ ಹೊಸದರ ಬೆಲೆ, ಹಳೆಯದನ್ನು ಕೊಂಡ ದಿನದಿಂದಲೇ ಅವಧಿಯ ಎಣಿಕೆ. ಅಪ್ಪನಿಂದ ಬಂದದ್ದಾದ್ದರಿಂದ ಅಪ್ಪ ಕೊಂಡ ಬೆಲೆ. ಬೋನಸ್ ಷೇರಿನ ಖರೀದಿ ಬೆಲೆ ಸೊನ್ನೆ, ಆದರೆ 2018ರ ಜನವರಿ 31ಕ್ಕೆ ಮೊದಲೇ ಕೈಗೆ ಬಂದದ್ದಾದ್ದರಿಂದ ಆ ದಿನದ ಪೇಟೆ ದರವನ್ನು ಹಿಡಿಯಲು ಅವಕಾಶವಿದೆ. ಬ್ರೋಕರ್ ಆ್ಯಪಿನಲ್ಲಿ ಕಾಣುವ ಸರಾಸರಿ ಬೆಲೆಗೆ ಇದೆಲ್ಲ ಗೊತ್ತಿರುವುದಿಲ್ಲ. ಖಾತೆ ಬದಲಾದಾಗ ಅದು ಸೊನ್ನೆ ಎಂದೂ ತೋರಿಸಬಹುದು. ಅನುಪಾತದ ಪತ್ರ, ಬೋನಸ್ ಪತ್ರ, ಹಳೆಯ ಖರೀದಿ ಚೀಟಿ ಮೂರನ್ನೂ ಒಂದೇ ಕಡತದಲ್ಲಿಡಿ. ಲೆಕ್ಕದಲ್ಲಿ ಬಿಡಿ ಷೇರು ಉಳಿದರೂ ಹಣ ಬರುತ್ತದೆ: 250 ವಿಜಯಾ ಇದ್ದವರಿಗೆ ನೂರೂವರೆ ಷೇರಾಗುತ್ತದೆ, ನೂರು ಷೇರು ಡಿಮ್ಯಾಟ್‌ಗೆ, ಅರ್ಧಕ್ಕೆ ನಗದು.

ಹಳೆ ಮೈಸೂರಿನಲ್ಲೂ ಕರಾವಳಿಯಲ್ಲೂ ಎಷ್ಟೋ ಮನೆಗಳ ಟ್ರಂಕಿನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವೈಶ್ಯ, ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಹೆಸರಿನ ಕಾಗದದ ಷೇರುಗಳು ಇನ್ನೂ ಇವೆ. ಬ್ಯಾಂಕೇ ಇಲ್ಲವಲ್ಲ ಎಂದು ಯಾರೂ ಅವನ್ನು ಹರಿದು ಹಾಕಬಾರದು. ಮೈಸೂರು ಬ್ಯಾಂಕಿನ ಹತ್ತು ಷೇರಿಗೆ ಎಸ್‌ಬಿಐನ 22 ಷೇರು ಸಲ್ಲಬೇಕು. ಪ್ರಮಾಣಪತ್ರದ ಮೇಲಿನ ಫೋಲಿಯೊ ಸಂಖ್ಯೆ ಬರೆದುಕೊಂಡು, ಈಗಿನ ಬ್ಯಾಂಕಿನ ವೆಬ್‌ಸೈಟಿನಲ್ಲಿ ಷೇರು ರಿಜಿಸ್ಟ್ರಾರ್ ಯಾರು ಎಂದು ನೋಡಿ ಅವರಿಗೆ ಪತ್ರ ಬರೆಯಿರಿ. ಪಾನ್, ಬ್ಯಾಂಕ್ ಖಾತೆ, ಸಹಿಯ ದೃಢೀಕರಣ, ವಾರಸುದಾರರಾದರೆ ಮರಣ ಪ್ರಮಾಣಪತ್ರ ಮತ್ತು ವಾರಸಾ ದಾಖಲೆ ಕೇಳುತ್ತಾರೆ. ಕಂಪನಿ ಕಾಯ್ದೆಗೆ ಒಳಪಟ್ಟ ಕಂಪನಿಗಳಲ್ಲಿ ಸತತ ಏಳು ವರ್ಷ ಡಿವಿಡೆಂಡ್ ಪಡೆಯದೆ ಬಿಟ್ಟಿದ್ದರೆ ಷೇರುಗಳು ಕೇಂದ್ರದ ಹೂಡಿಕೆದಾರರ ನಿಧಿಗೆ ಹೋಗಿರುತ್ತವೆ. ಐಇಪಿಎಫ್-5 ನಮೂನೆ ತುಂಬಿ ಅಲ್ಲಿಂದ ಬಿಡಿಸಿಕೊಳ್ಳಬೇಕು. ಅರ್ಜಿಯಲ್ಲಿರುವ ಹೆಸರಿನ ಕಾಗುಣಿತ ಪ್ರಮಾಣಪತ್ರದಲ್ಲಿರುವಂತೆಯೇ ಇದೆಯೇ ಎಂದು ಕಳಿಸುವ ಮೊದಲು ನೋಡಿಕೊಳ್ಳಿ, ಅರ್ಜಿಗಳು ವಾಪಸು ಬರುವುದಕ್ಕೆ ಅದೂ ಒಂದು ಕಾರಣ.